ಸತ್ತ ಬ್ಯಾಕ್ಟೀರಿಯಾವೂ ವಸಡು ಉಬ್ಬಿಸ್ತದೆ, ಹಾಗಾಗಿ ಕೊಂದ್ರೆ ಸಾಲದು, ತೆಗೀಬೇಕು

ಹಲ್ಲುಜ್ಜುವಾಗ ರಕ್ತ ಬರ್ತದೆ ಅನ್ನುವವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಎಂತದ್ದು ಗೊತ್ತುಂಟಾ, ಮೆಡಿಕಲಿಗೆ ಹೋಗಿ ಒಂದು ಮೌತ್‌ವಾಶ್ ತರುವುದು. ಬಾಟ್ಲಿ ಮೇಲೆ ಇಷ್ಟು ಪರ್ಸೆಂಟ್ ಕೀಟಾಣು ಸಾಯ್ತದೆ ಅಂತ ಬರ್ದಿರ್ತದೆ, ಅದನ್ನು ಓದಿ ಸಮಾಧಾನ. ಎರಡನೇ ಕೆಲಸ, ರಕ್ತ ಬರುವ ಜಾಗಕ್ಕೆ ಬ್ರಷ್ ತಾಗಿಸದೇ ಇರುವುದು. ಎರಡರಿಂದಲೂ ವಸಡು ಸರಿಯಾಗುದಿಲ್ಲ ಮಾರಾಯ್ರೆ, ಎರಡನೆಯದರಿಂದ ಇನ್ನೂ ಹಾಳಾಗ್ತದೆ. ಯಾಕೆಂದ್ರೆ ವಸಡು ಊದ್ಲಿಕ್ಕೆ ಬ್ಯಾಕ್ಟೀರಿಯಾ ಜೀವಂತ ಇರ್ಲೇಬೇಕು ಅಂತ ಇಲ್ಲ. ಅದರ ಹೊರಗಿನ ಗೋಡೆಯಲ್ಲೇ ವಿಷ ಉಂಟು, ಅದು ಸತ್ತ ಮೇಲೂ ಆ ಗೋಡೆಯ ಚೂರುಗಳು ಹಲ್ಲಿನ ಬುಡದಲ್ಲಿ ಕೂತಿದ್ರೆ ವಸಡು ಕೆಂಪಾಗಿಯೇ ಇರ್ತದೆ. ಇದೊಂದು ವಿಷಯ ತಲೆಗೆ ಹೋದ್ರೆ ಬ್ರಷ್ ಹೇಗೆ ಹಿಡೀಬೇಕು, ಕ್ಲೀನಿಂಗ್ ಯಾವಾಗ ಮಾಡಿಸ್ಬೇಕು, ಆಂಟಿಬಯಾಟಿಕ್ ಯಾಕೆ ಸುಮ್ಮನೆ ನುಂಗ್ಬಾರ್ದು ಎಲ್ಲ ತನ್ನಿಂತಾನೇ ಅರ್ಥ ಆಗ್ತದೆ, ಅದಕ್ಕೇ ಮೊದಲು ಗೋಡೆ ಬಗ್ಗೆ ಹೇಳಿ ಆಮೇಲೆ ಕ್ರಮಕ್ಕೆ ಬರ್ತೇನೆ.

ಗೋಡೆಯಲ್ಲಿ ಎಂತ ಉಂಟು

1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅಂತ ಡೆನ್ಮಾರ್ಕಿನ ಡಾಕ್ಟ್ರು ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ನೋಡುವ ಒಂದು ವಿಧಾನ ಕಂಡು ಹಿಡಿದ್ರು. ನೇರಳೆ ಬಣ್ಣ ಹಿಡ್ಕೊಂಡವು ಗ್ರಾಮ್ ಪಾಸಿಟಿವ್, ತೊಳೆದ್ರೆ ಬಣ್ಣ ಬಿಟ್ಟವು ಗ್ರಾಮ್ ನೆಗೆಟಿವ್. ಈ ವ್ಯತ್ಯಾಸ ಬರುವುದೇ ಗೋಡೆಯಿಂದ. ಪಾಸಿಟಿವ್‌ನದ್ದು ಒಂದೇ ದಪ್ಪ ಗೋಡೆ, ನೆಗೆಟಿವ್‌ನದ್ದು ತೆಳು ಗೋಡೆ, ಆದ್ರೆ ಅದರ ಹೊರಗೆ ಇನ್ನೊಂದು ಪೊರೆ ಉಂಟು, ಆ ಹೊರಪೊರೆಯ ಮೇಲ್ಮೈಯಲ್ಲಿ ಹೆಚ್ಚಿನ ಜಾಗವನ್ನು ಲಿಪೋಪಾಲಿಸ್ಯಾಕರೈಡ್ ಅನ್ನುವ ವಸ್ತು ತುಂಬಿರ್ತದೆ. ಚುಟುಕಾಗಿ ಎಲ್‌ಪಿಎಸ್ ಅಂತಾರೆ, ಇನ್ನೊಂದು ಹೆಸರು ಎಂಡೋಟಾಕ್ಸಿನ್.

ಎಂಡೋಟಾಕ್ಸಿನ್ ಅನ್ನುವ ಹೆಸರು ಬಂದದ್ದು ಕಾಲರಾದಿಂದ. 1892ರ ಹೊತ್ತಿಗೆ ಬರ್ಲಿನ್‌ನಲ್ಲಿ ರಾಬರ್ಟ್ ಕೋಖ್ ಅವರ ಸಂಸ್ಥೆಯಲ್ಲಿ ರಿಚರ್ಡ್ ಫೈಫರ್ ಅನ್ನುವವರು ಕಾಲರಾ ಬ್ಯಾಕ್ಟೀರಿಯಾವನ್ನು ಬಿಸಿ ಮಾಡಿ ಕೊಂದು, ಸತ್ತದ್ದನ್ನೇ ಗಿನಿ ಪಿಗ್‌ಗಳಿಗೆ ಚುಚ್ಚಿದ್ರು, ಆದ್ರೂ ಅವು ಸತ್ತವು. ಅಂದ್ರೆ ವಿಷವನ್ನು ಬ್ಯಾಕ್ಟೀರಿಯಾ ಉಗುಳಿದ್ದಲ್ಲ, ಅದರ ಮೈಯಲ್ಲೇ ಇದ್ದದ್ದು. ಹಲ್ಲಿನ ಬುಡದಲ್ಲಿ ನಡೆಯುವುದೂ ಇದೇ ಕಥೆ, ಜೀವಕ್ಕೆ ತಕ್ಷಣ ಅಪಾಯ ಇಲ್ಲ ಅಷ್ಟೇ, ನಿಧಾನಕ್ಕೆ ವರ್ಷಗಟ್ಟಲೆ ನಡೀತದೆ.

ಈ ಎಲ್‌ಪಿಎಸ್‌ನಲ್ಲಿ ಮೂರು ಭಾಗ. ಹೊರಗೆ ಚಾಚಿಕೊಂಡಿರುವ ಸಕ್ಕರೆಯ ಸರಪಳಿ, ನಡುವೆ ಒಂದು ಸಕ್ಕರೆಯ ತಿರುಳು, ಕೆಳಗೆ ಪೊರೆಯಲ್ಲಿ ಊರಿಕೊಂಡಿರುವ ಲಿಪಿಡ್ ಎ ಅನ್ನುವ ಕೊಬ್ಬಿನ ಭಾಗ. ವಿಷ ಇರುವುದು ಈ ಲಿಪಿಡ್ ಎ ಯಲ್ಲಿ. ಬಿಸಿಗೆ ಇದು ಜಗ್ಗುವುದಿಲ್ಲ. ಕುದಿಯುವ ನೀರಲ್ಲಿ ಬ್ಯಾಕ್ಟೀರಿಯಾ ಸಾಯ್ತದೆ, ಎಂಡೋಟಾಕ್ಸಿನ್ ಹಾಗೇ ಉಳೀತದೆ, ಔಷಧಿ ಕಂಪೆನಿಯವರು ಗಾಜಿನ ಬಾಟ್ಲಿಗಳಿಂದ ಇದನ್ನು ತೆಗೀಲಿಕ್ಕೆ 250 ಡಿಗ್ರಿ ಒಣ ಬಿಸಿಯಲ್ಲಿ ಅರ್ಧ ಗಂಟೆ ಇಡ್ಬೇಕಾಗ್ತದೆ. ಹಾಗಾಗಿ ಬಿಸಿ ನೀರಲ್ಲಿ ಬಾಯಿ ಮುಕ್ಕಳಿಸಿದ್ರೆ ವಿಷ ಹೋಗ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಬಾಯಿ ಸುಟ್ಟುಕೊಳ್ಳುವುದೊಂದೇ ಬರುವುದು.

ಗ್ರಾಮ್ ಪಾಸಿಟಿವ್‌ಗಳು ಪೂರ್ತಿ ಸಾಧು ಅಂತ ಅಲ್ಲ, ಅವುಗಳ ಗೋಡೆಯಲ್ಲಿರುವ ಲಿಪೋಟೈಕೋಯಿಕ್ ಆಸಿಡ್, ಪೆಪ್ಟಿಡೋಗ್ಲೈಕನ್ ಕೂಡ ದೇಹವನ್ನು ಕೆರಳಿಸ್ತವೆ. ಆದ್ರೆ ವಸಡಿನ ಕಾಯಿಲೆ ಜಾಸ್ತಿಯಾದಲ್ಲೆಲ್ಲ ಗ್ರಾಮ್ ನೆಗೆಟಿವ್‌ಗಳದ್ದೇ ಕಾರುಬಾರು.

ಊದುವುದು, ರಕ್ತ ಬರುವುದು, ಎಲುಬು ಕರಗುವುದು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಇದು ಮುಖ್ಯ. ಎಲ್‌ಪಿಎಸ್ ನೇರವಾಗಿ ವಸಡನ್ನು ಸುಡುವುದಿಲ್ಲ, ಕೊರೆಯುವುದಿಲ್ಲ. ಹಾನಿ ಮಾಡುವುದರಲ್ಲಿ ದೊಡ್ಡ ಪಾಲು ನಮ್ಮ ದೇಹದ್ದೇ. ಹಲ್ಲು ಮತ್ತು ವಸಡಿನ ನಡುವೆ ಒಂದು ಸಣ್ಣ ಸಂದು ಇರ್ತದೆ, ಆರೋಗ್ಯ ಇದ್ದವರಲ್ಲಿ 1ರಿಂದ 3 ಮಿಲಿಮೀಟರ್ ಆಳ. ಅಲ್ಲಿ ಎಲ್‌ಪಿಎಸ್ ಬಿದ್ದ ಕೂಡ್ಲೇ ನಮ್ಮ ರಕ್ತದಲ್ಲಿರುವ ಒಂದು ಪ್ರೋಟೀನ್ ಅದನ್ನು ಹಿಡಿದು ಬಿಳಿ ರಕ್ತಕಣದ ಬಾಗಿಲಿಗೆ ತಂದು ಮುಟ್ಟಿಸ್ತದೆ, ಬಾಗಿಲಲ್ಲಿ ಸಿಡಿ14 ಅಂತ ಒಂದು ಕಾವಲು, ಪಕ್ಕದಲ್ಲೇ ಟಿಎಲ್‌ಆರ್4 ಅಂತ ಒಂದು ರಿಸೆಪ್ಟರ್. ಈ ಟಿಎಲ್‌ಆರ್4 ಎಲ್‌ಪಿಎಸ್ ಅನ್ನು ಗುರುತು ಹಿಡೀತದೆ ಅಂತ 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ ತೋರಿಸಿಕೊಟ್ಟಿತು, 2011ರ ಮೆಡಿಸಿನ್ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಇಂಥ ಕೆಲಸಕ್ಕೇ.

ಗುರುತು ಸಿಕ್ಕಿದ ಮೇಲೆ ಆ ಕಣ ಇಂಟರ್‌ಲ್ಯೂಕಿನ್, ಟಿಎನ್‌ಎಫ್, ಪ್ರೊಸ್ಟಗ್ಲಾಂಡಿನ್ ಇಂಥ ಉರಿಯೂತ ಎಬ್ಬಿಸುವ ರಾಸಾಯನಿಕಗಳನ್ನೆಲ್ಲ ಬಿಡ್ತದೆ. ರಕ್ತನಾಳ ಅಗಲ ಆಗ್ತದೆ, ವಸಡು ಕೆಂಪಾಗ್ತದೆ, ನೀರು ತುಂಬಿ ಊದ್ತದೆ, ಒಳಗಿನ ಪದರ ತೆಳುವಾಗಿ ಸಣ್ಣ ಹುಣ್ಣಿನ ಹಾಗೆ ಆಗ್ತದೆ, ಬ್ರಷ್ ತಾಗಿದ್ರೆ ರಕ್ತ. ಬ್ರಷ್ ಗಾಯ ಮಾಡಿ ರಕ್ತ ಬಂದದ್ದಲ್ಲ, ಮೊದಲೇ ಇದ್ದ ಉರಿಯೂತಕ್ಕೆ ಬ್ರಷ್ ತಾಗಿದ್ದು ಅಷ್ಟೇ. ಇದೇ ಜೋರಾಗಿ ಬಹಳ ಕಾಲ ನಡೆದ್ರೆ ಹಲ್ಲನ್ನು ಎಲುಬಿಗೆ ಕಟ್ಟಿ ಹಿಡಿದಿರುವ ಕೊಲ್ಲಾಜೆನ್ ನಾರುಗಳನ್ನು ದೇಹದ ಕಿಣ್ವಗಳೇ ಕತ್ತರಿಸ್ತವೆ, ಎಲುಬು ಕರಗಿಸುವ ಜೀವಕೋಶಗಳಿಗೆ ಕೆಲಸ ಶುರು ಮಾಡಿ ಅಂತ ಸಂದೇಶ ಹೋಗ್ತದೆ. ದೇಹದ ಲೆಕ್ಕದಲ್ಲಿ ಅದು ಸೋಂಕಿನಿಂದ ದೂರ ಸರೀತಾ ಉಂಟು, ನಮ್ಮ ಲೆಕ್ಕದಲ್ಲಿ ಹಲ್ಲಿನ ಬುಡ ಸಡಿಲ ಆಗ್ತಾ ಉಂಟು. ವಸಡು ಮಾತ್ರ ಊದಿದ ಹಂತದಲ್ಲಿ ಇದ್ರೆ ಪೂರ್ತಿ ವಾಪಸ್ ಸರಿ ಆಗ್ತದೆ. ಎಲುಬು ಹೋದ್ರೆ ಅದು ತಾನಾಗಿ ಮತ್ತೆ ಬೆಳೆಯುವುದಿಲ್ಲ, ಇನ್ನು ಹೋಗದ ಹಾಗೆ ನಿಲ್ಲಿಸ್ಬಹುದು, ಕೆಲವು ಕಡೆ ಆಪರೇಷನ್ ಮಾಡಿ ಸ್ವಲ್ಪ ತುಂಬಿಸ್ಬಹುದು.

ಪೋರ್ಫೈರೋಮೋನಾಸ್ ಜಿಂಜಿವಾಲಿಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಉಂಟು, 1998ರಲ್ಲಿ ಸೋಕ್ರಾನ್ಸ್ಕಿ ಮತ್ತು ಸಂಗಡಿಗರು ಹಲ್ಲಿನ ಬುಡದ ಬ್ಯಾಕ್ಟೀರಿಯಾಗಳನ್ನು ಬಣ್ಣದ ಗುಂಪುಗಳಾಗಿ ವಿಂಗಡಿಸಿದಾಗ ಕೆಂಪು ಗುಂಪಿಗೆ ಸೇರಿದ ಮೂರರಲ್ಲಿ ಇದೊಂದು. ಇದರ ವಿಚಿತ್ರ ಕೇಳಿ. ಹೊಟ್ಟೆಯ ಇ ಕೋಲೈಯ ಲಿಪಿಡ್ ಎ ಗೆ ಆರು ಕೊಬ್ಬಿನ ಬಾಲ, ಟಿಎಲ್‌ಆರ್4 ಅದನ್ನು ಕಂಡ ತಕ್ಷಣ ಬೊಬ್ಬೆ ಹಾಕ್ತದೆ. ಜಿಂಜಿವಾಲಿಸ್‌ನದ್ದಕ್ಕೆ ನಾಲ್ಕೋ ಐದೋ ಬಾಲ, ಸುತ್ತಲಿನ ಪರಿಸ್ಥಿತಿ ನೋಡಿ ಅದನ್ನು ಬದಲಾಯಿಸಿಕೊಳ್ತದೆ, ನಾಲ್ಕು ಬಾಲದ್ದು ಎಚ್ಚರಿಕೆಯನ್ನೇ ತಡೀತದೆ. ಅಂದ್ರೆ ಅದು ಜೋರು ಗಲಾಟೆ ಮಾಡದೇ ಕಾವಲಿನವರ ದಾರಿ ತಪ್ಪಿಸಿ, ಉಳಿದ ಬ್ಯಾಕ್ಟೀರಿಯಾಗಳು ಹೆಚ್ಚಾಗುವ ಹಾಗೆ ಮಾಡ್ತದೆ. 2011ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಬೇರೆ ಯಾವ ಬ್ಯಾಕ್ಟೀರಿಯಾವೂ ಇಲ್ಲದ ಇಲಿಗೆ ಜಿಂಜಿವಾಲಿಸ್ ಒಂದನ್ನೇ ಹಾಕಿದಾಗ ಎಲುಬು ಕರಗಲಿಲ್ಲ, ಮಾಮೂಲಿ ಬ್ಯಾಕ್ಟೀರಿಯಾಗಳ ಜೊತೆ ಸೇರಿದಾಗ ಕರಗಿತು. ಒಂದು ಕೆಟ್ಟ ಕೀಟಾಣುವನ್ನು ಹುಡುಕಿ ಕೊಂದ್ರೆ ಆಯ್ತು ಅನ್ನುವ ಯೋಚನೆ ಇಲ್ಲಿಗೆ ನಿಂತುಹೋಗ್ತದೆ, ಇಡೀ ಗುಂಪನ್ನೇ ಚದುರಿಸ್ಬೇಕು.

ಎಷ್ಟು ದಿನದ ಆಟ ಇದು

1965ರಲ್ಲಿ ಹರಾಲ್ಡ್ ಲೋ ಅನ್ನುವವರು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟ ಮಾಡಿದ್ರು. ವಸಡು ಚೆನ್ನಾಗಿದ್ದ 12 ಜನರಿಗೆ, ಹೆಚ್ಚಿನವರು ಡೆಂಟಲ್ ಸ್ಟೂಡೆಂಟ್ಸ್, ಹಲ್ಲುಜ್ಜುವುದು ನಿಲ್ಲಿಸಿ ಅಂತ ಹೇಳಿದ್ದು. 10ರಿಂದ 21 ದಿನದೊಳಗೆ ಒಬ್ಬರನ್ನೂ ಬಿಡದೆ ಎಲ್ಲರಿಗೂ ವಸಡು ಊದಿತು. ಮೊದಲು ಗ್ರಾಮ್ ಪಾಸಿಟಿವ್ ಉಂಡೆಗಳೇ ಇದ್ದವು, ದಿನ ಹೋದ ಹಾಗೆ ಉದ್ದ ನಾರಿನಂಥವು, ಆಮೇಲೆ ಸುರುಳಿಯಾಕಾರದ ಗ್ರಾಮ್ ನೆಗೆಟಿವ್‌ಗಳು. ಮತ್ತೆ ಉಜ್ಜಲು ಶುರು ಮಾಡಿದ್ರು, ಒಂದು ವಾರದ ಆಸುಪಾಸಿನಲ್ಲಿ ವಸಡು ಮೊದಲಿನ ಹಾಗೆ ಆಯ್ತು. ಇದರಿಂದ ನಿಮಗೆ ಬೇಕಾದ ಲೆಕ್ಕ ಇಷ್ಟು: ಎಲ್‌ಪಿಎಸ್ ಹೊತ್ತುಕೊಂಡ ಗುಂಪು ಬಲಿಯಲಿಕ್ಕೆ ಅದಕ್ಕೆ ದಿನಗಳು ಬೇಕು, ನೀವು ದಿನಾ ಒಮ್ಮೆಯಾದ್ರೂ ಪೂರ್ತಿ ಚದುರಿಸಿದ್ರೆ ಅದು ಬಲಿಯುವುದೇ ಇಲ್ಲ.

ಎಲ್ಲರಿಗೂ ಒಂದೇ ಥರ ಆಗುದಿಲ್ಲ ಅನ್ನುವುದೂ ನಿಜ. ಇದೇ ಲೋ ಅವರು ಶ್ರೀಲಂಕಾದ ಚಹಾ ತೋಟದ 480 ಕೆಲಸಗಾರರನ್ನು 1970ರಿಂದ 15 ವರ್ಷ ನೋಡಿದ್ರು, ಹಲ್ಲುಜ್ಜುವ ರೂಢಿಯೇ ಇಲ್ಲದವರು, ಎಲ್ಲರ ಹಲ್ಲಲ್ಲೂ ಪಾಚಿ, ಅಂದ್ರೆ ಬ್ಯಾಕ್ಟೀರಿಯಾಗಳ ಅಂಟು ಪದರ, ಎಲ್ಲರ ವಸಡೂ ಊದಿದ್ದು. ಆದ್ರೆ ಬೇಗಬೇಗ ಬುಡ ಹಾಳಾದದ್ದು ಸುಮಾರು 8 ಪರ್ಸೆಂಟ್ ಜನರಿಗೆ, 81 ಪರ್ಸೆಂಟಿಗೆ ಮಧ್ಯಮ ವೇಗದಲ್ಲಿ, ಉಳಿದ 11 ಪರ್ಸೆಂಟಿಗೆ ಊತ ಬಿಟ್ರೆ ಮುಂದೆ ಹೋಗಲೇ ಇಲ್ಲ. "ನಮ್ಮಜ್ಜ ಬ್ರಷ್ ಮುಟ್ಟಿದವರಲ್ಲ, ಎಂಬತ್ತಕ್ಕೂ ಎಲ್ಲ ಹಲ್ಲು ಇತ್ತು" ಅಂತ ಹೇಳ್ತಾರಲ್ಲ, ಅಜ್ಜ ಆ 11ರಲ್ಲಿ ಇದ್ದಿರ್ಬಹುದು. ನೀವು ಯಾವುದರಲ್ಲಿ ಇದ್ದೀರಿ ಅಂತ ಮೊದಲೇ ಗೊತ್ತಾಗುವ ದಾರಿ ಇಲ್ಲ. ನಿಮ್ಮ ಅಪ್ಪ ಅಮ್ಮನಿಗೆ ನಲವತ್ತು ಐವತ್ತರೊಳಗೆ ಹಲ್ಲು ಅಲ್ಲಾಡಿ ಹೋಗಿದ್ರೆ ನೀವು ಹೆಚ್ಚು ಜಾಗ್ರತೆ ಮಾಡಿ.

ಹಾಗಾದ್ರೆ ಮಾಡುವುದು ಹೇಗೆ

ಮಳೆಗಾಲದಲ್ಲಿ ನಮ್ಮ ಊರಿನ ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ತದಲ್ಲ, ಬ್ಲೀಚಿಂಗ್ ಪೌಡರ್ ಹಾಕಿದ್ರೆ ಬೆಳ್ಳಗಾಗಿ ಸಾಯ್ತದೆ, ಆದ್ರೆ ಹಿಡಿಸೂಡಿಯಲ್ಲಿ ಉಜ್ಜಿ ತೆಗೀದಿದ್ರೆ ಸತ್ತ ಪಾಚಿಯ ಮೇಲೂ ಕಾಲು ಜಾರ್ತದೆ. ಹಲ್ಲಿನದ್ದೂ ಹಾಗೆಯೇ, ಉಜ್ಜಿ ತೆಗೀಬೇಕು.

ಇದಕ್ಕೆ ಧೈರ್ಯ ಕೊಡುವ ಒಂದು ವಿಷಯ ಉಂಟು. ಹಿಂದೆ ಏನಂದುಕೊಂಡಿದ್ರು ಅಂದ್ರೆ ಎಂಡೋಟಾಕ್ಸಿನ್ ಹಲ್ಲಿನ ಬೇರಿನ ಒಳಗೇ ಇಳಿದುಹೋಗಿರ್ತದೆ, ಅದನ್ನು ತೆಗೀಲಿಕ್ಕೆ ಬೇರಿನ ಪದರವನ್ನೇ ಕೆರೆದು ಹಾಕ್ಬೇಕು ಅಂತ. 1986ರಲ್ಲಿ ಇಂಗ್ಲೆಂಡಿನ ಸಂಶೋಧಕರು ವಸಡಿನ ಕಾಯಿಲೆಯಿಂದ ಕಿತ್ತ ಹಲ್ಲುಗಳನ್ನು ತಗೊಂಡು ಪರೀಕ್ಷೆ ಮಾಡಿದ್ರು. ಮೆಲ್ಲ ನೀರಲ್ಲಿ ತೊಳೆದದ್ದರಿಂದ ಸುಮಾರು 39 ಪರ್ಸೆಂಟ್ ಹೋಯ್ತು, ಒಂದು ನಿಮಿಷ ಬ್ರಷ್ ಮಾಡಿದ್ದರಿಂದ ಇನ್ನೊಂದು 60 ಪರ್ಸೆಂಟ್. ವಿಷ ಮೇಲೆ ಮೇಲೆಯೇ ಅಂಟಿಕೊಂಡಿರುವುದು, ಬ್ರಷ್ ಮುಟ್ಟಿದ್ರೆ ಹೋಗ್ತದೆ. ಮುಟ್ಟಬೇಕು ಅಷ್ಟೇ. ಬಾಯಿಯೊಳಗೆ ಕಷ್ಟ ಇರುವುದು ಆ ಮುಟ್ಟುವುದರಲ್ಲಿ.

ಬ್ರಷ್ ಸಾಫ್ಟ್ ತಗೊಳ್ಳಿ, ತಲೆ ಸಣ್ಣದಿರ್ಲಿ. ಹಾರ್ಡ್ ಬ್ರಷ್‌ನಲ್ಲಿ ಜೋರು ಉಜ್ಜಿದ್ರೆ ಹೆಚ್ಚು ಕ್ಲೀನ್ ಅನ್ನುವುದು ನಮ್ಮ ಕಡೆ ಗಟ್ಟಿ ಕೂತ ನಂಬಿಕೆ, ಅದರಿಂದ ವಸಡು ಮೇಲೆ ಸರೀತದೆ, ಹಲ್ಲಿನ ಬುಡದಲ್ಲಿ ತೋಡು ಬೀಳ್ತದೆ. ಕನ್ನಡಿ ಎದುರು ನಿಲ್ಲಿ. ಬ್ರಷ್‌ನ ಎಳೆಗಳು ಅರ್ಧ ಹಲ್ಲಿನ ಮೇಲೆ ಅರ್ಧ ವಸಡಿನ ಮೇಲೆ ಬರುವ ಹಾಗೆ, ವಸಡಿನ ಕಡೆಗೆ 45 ಡಿಗ್ರಿ ಓರೆ ಮಾಡಿ ಹಿಡೀರಿ, ಮೇಲಿನ ಹಲ್ಲಿಗೆ ಓರೆ ಮೇಲ್ಮುಖ, ಕೆಳಗಿನದ್ದಕ್ಕೆ ಕೆಳಮುಖ. ಮೆಲ್ಲಗೆ ಒತ್ತಿ, ಎಳೆಗಳ ತುದಿ ಆ ಸಂದಿನೊಳಗೆ ಸ್ವಲ್ಪ ಹೋಗ್ಬೇಕು. ಈಗ ಬ್ರಷ್ ಎತ್ತದೇ ಅಲ್ಲೇ ಸಣ್ಣಗೆ ನಡುಗಿಸಿ, ಅರ್ಧ ಹಲ್ಲಿನಷ್ಟೂ ಆಚೆ ಈಚೆ ಹೋಗ್ಬಾರ್ದು, ಒಂದು ಹತ್ತು ಸಲ, ಆಮೇಲೆ ಹಲ್ಲಿನ ತುದಿ ಕಡೆಗೆ ಉರುಳಿಸಿ ತೆಗೀರಿ. ಎರಡು ಮೂರು ಹಲ್ಲು ಆದ ಮೇಲೆ ಮುಂದಿನದ್ದಕ್ಕೆ ಹೋಗಿ. ಹೊರಬದಿ ಪೂರ್ತಿ ಆದ ಮೇಲೆ ಒಳಬದಿ. ಕೆಳಗಿನ ಎದುರು ಹಲ್ಲುಗಳ ನಾಲಿಗೆ ಕಡೆ ಮಾತ್ರ ಮರೀಬೇಡಿ, ಅಲ್ಲೇ ಪಕ್ಕದಲ್ಲಿ ಎಂಜಲಿನ ನಾಳ ತೆರೀತದೆ, ಪಾಚಿ ಗಟ್ಟಿಯಾಗಿ ಕಲ್ಲು ಕಟ್ಟುವುದು ಮೊದಲು ಅಲ್ಲಿಯೇ, ಬ್ರಷ್ ಉದ್ದಕ್ಕೆ ನಿಲ್ಲಿಸಿ ತುದಿಯಿಂದ ಉಜ್ಜಿ. ಕೊನೆಯ ದವಡೆ ಹಲ್ಲಿನ ಹಿಂಬದಿಯೂ ಹಾಗೆ, ಬಾಯಿ ಪೂರ್ತಿ ತೆರೆದ್ರೆ ಕೆನ್ನೆ ಬಿಗಿಯಾಗಿ ಬ್ರಷ್ ಹೋಗುದಿಲ್ಲ, ಅರ್ಧ ಮುಚ್ಚಿ ನೋಡಿ, ಹೋಗ್ತದೆ.

ಇಷ್ಟಕ್ಕೆ ಕಡಿಮೆ ಅಂದ್ರೂ ಎರಡು ನಿಮಿಷ ಬೇಕು, ಹೊಸದರಲ್ಲಿ ನಾಲ್ಕಾಗ್ತದೆ, ಆಗ್ಲಿ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ಫ್ಲೋರೈಡ್ ಇರುವುದು ಯಾವುದಾದ್ರೂ ಆಗ್ತದೆ, ವಸಡಿನ ವಿಷಯದಲ್ಲಿ ಪೇಸ್ಟಿಗಿಂತ ಬ್ರಷ್ ಹಿಡಿದ ಕೈಯೇ ಮುಖ್ಯ. ದಿನಕ್ಕೆ ಎರಡು ಸಲ, ಅದರಲ್ಲಿ ರಾತ್ರಿಯದ್ದು ತಪ್ಪಿಸ್ಲೇಬಾರ್ದು, ಮಲಗಿದಾಗ ಎಂಜಲು ಕಡಿಮೆ ಆಗ್ತದೆ, ತೊಳೆದು ಹೋಗುವುದೂ ಕಡಿಮೆ. ರಾತ್ರಿ ಯಕ್ಷಗಾನ ಆಟ ನೋಡ್ಲಿಕ್ಕೆ ಹೋಗಿ ಬೆಳಿಗ್ಗೆ ಬರುವವರು, ಭೂತದ ನೇಮಕ್ಕೆ ಹೋಗುವವರು ಊಟ ಆದ ಕೂಡ್ಲೇ ಉಜ್ಜಿಯೇ ಹೊರಡಿ. ರಕ್ತ ಬರುವ ಜಾಗದಲ್ಲಿ ಮೆಲ್ಲಗೆ, ಆದ್ರೆ ಬಿಡದೆ ಉಜ್ಜಿ. ಬರೀ ಊತ ಇದ್ದದ್ದಾದ್ರೆ ಒಂದು ವಾರ ಹತ್ತು ದಿನದಲ್ಲಿ ರಕ್ತ ಕಡಿಮೆ ಆಗ್ತಾ ಬರ್ತದೆ. ಎರಡು ವಾರ ಸರಿಯಾಗಿ ಮಾಡಿಯೂ ಬರ್ತಾ ಇದ್ರೆ ಒಳಗೆ ಕಲ್ಲು ಉಂಟು ಅಥವಾ ಸಂದು ಆಳ ಆಗಿದೆ ಅಂತ ತಿಳ್ಕೊಳ್ಳಿ, ಅದು ಮನೆಯಲ್ಲಿ ಮುಗಿಯುವ ಕೆಲಸ ಅಲ್ಲ.

ಬ್ರಷ್ ಎಷ್ಟೇ ಚೆನ್ನಾಗಿ ಮಾಡಿದ್ರೂ ಎರಡು ಹಲ್ಲಿನ ನಡುವಿನ ಜಾಗ ಉಳೀತದೆ, ವಸಡಿನ ಕಾಯಿಲೆ ಶುರು ಆಗುವುದು ಹೆಚ್ಚಾಗಿ ಅಲ್ಲೇ. ನಡುವೆ ಜಾಗ ಬಿಗಿ ಇದ್ರೆ ಫ್ಲಾಸ್, ಸ್ವಲ್ಪ ಕಿಂಡಿ ಕಾಣ್ತಾ ಇದ್ರೆ ಇಂಟರ್‌ಡೆಂಟಲ್ ಬ್ರಷ್ ಅಂತ ಪುಟ್ಟ ಬ್ರಷ್ ಸಿಗ್ತದೆ. ಕಿಂಡಿ ಇದ್ದವರಿಗೆ ಫ್ಲಾಸ್‌ಗಿಂತ ಈ ಪುಟ್ಟ ಬ್ರಷ್ಷೇ ಒಳ್ಳೆದು, ಬೇರಿನ ಒಳಬಾಗಿದ ಜಾಗಕ್ಕೂ ಅದರ ಎಳೆ ತಾಗ್ತದೆ. ಒತ್ತಿ ತುರುಕುವ ಸೈಜ್ ಬೇಡ, ಸಲೀಸಾಗಿ ಆಡಿಕೊಂಡಿರುವ ಸೈಜ್ ಸಹ ಬೇಡ, ಎರಡೂ ಬದಿಗೆ ತಾಗಿ ಹೋಗ್ಬೇಕು. ಫ್ಲಾಸ್ ಆದ್ರೆ ಹಲ್ಲಿಗೆ ಸಿ ಆಕಾರದಲ್ಲಿ ಸುತ್ತಿ ವಸಡಿನ ಕೆಳಗೆ ಸ್ವಲ್ಪ ಇಳಿಸಿ ಮೇಲೆ ಕೆಳಗೆ ಉಜ್ಜಿ, ಟಕ್ ಅಂತ ವಸಡಿಗೆ ಬಡೀಬೇಡಿ. ದಿನಕ್ಕೊಂದು ಸಲ, ರಾತ್ರಿ.

ಹಿಡಿಸೂಡಿ ಕಡ್ಡಿ, ಸೇಫ್ಟಿ ಪಿನ್, ಕೋಳಿಯ ನಾರೋ ಬಂಗುಡೆ ಮುಳ್ಳೋ ಸಿಕ್ಕಿಕೊಂಡಾಗ ಕೈಗೆ ಸಿಕ್ಕಿದ್ದೆಲ್ಲ ಹಾಕುವುದು ದಯವಿಟ್ಟು ಬೇಡ. ಸೇಫ್ಟಿ ಪಿನ್ ಚುಚ್ಚಿ ವಸಡು ಕೀವು ಕಟ್ಟಿಸಿಕೊಂಡು ಬರುವವರನ್ನು ನೋಡುವಾಗ ನಿಜವಾಗ್ಲೂ ಬೇಜಾರಾಗ್ತದೆ. ದಿನಾ ಒಂದೇ ಜಾಗದಲ್ಲಿ ಸಿಕ್ಕಿಕೊಳ್ತಾ ಇದ್ರೆ ಅಲ್ಲಿ ಹುಳುಕೋ ಕಿಂಡಿಯೋ ಉಂಟು, ತೋರಿಸಿ.

ಮಾವಿನ ಎಲೆ, ಉಮಿಕರಿ (ಭತ್ತದ ಉಮಿ ಸುಟ್ಟ ಕರಿ) ಬಗ್ಗೆ ಕೇಳ್ತಾರೆ. ಹಿರಿಯರು ಮಾವಿನ ಎಲೆ ಸುತ್ತಿ ಉಜ್ಜುತ್ತಿದ್ದದ್ದು ಹಲ್ಲಿನ ಚಪ್ಪಟೆ ಮೈಗೆ ಚೆನ್ನಾಗಿಯೇ ತಾಗ್ತದೆ, ಆದ್ರೆ ಸಂದಿಗೆ ಹೋಗುದಿಲ್ಲ. ಉಮಿಕರಿ, ಉಪ್ಪುಪುಡಿ ತರಿತರಿ, ದಿನಾ ಬೆರಳಲ್ಲಿ ಉಜ್ಜಿದ್ರೆ ಹಲ್ಲು ಸವೀತದೆ, ವರ್ಷ ಹೋದ ಮೇಲೆ ತಣ್ಣೀರು ಕುಡಿದ್ರೂ ಜುಂ ಅನ್ನುವುದು ಅದರಿಂದ. ಎಣ್ಣೆ ಮುಕ್ಕಳಿಸುವುದು ಇಷ್ಟ ಇದ್ದವರು ಮಾಡಿ, ಬ್ರಷ್ ಬದಲಿಗೆ ಅಲ್ಲ. ವಸಡು ನೋಯ್ತಾ ಇರುವಾಗ ಒಂದು ಗ್ಲಾಸ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದ್ರೆ ಹಿತ ಆಗ್ತದೆ, ಅಷ್ಟೇ ಅದರ ಕೆಲಸ.

ಮೌತ್‌ವಾಶ್‌ನಲ್ಲಿ ಕ್ಲೋರ್‌ಹೆಕ್ಸಿಡಿನ್ 0.2 ಪರ್ಸೆಂಟ್ ಇರುವುದು ಒಳ್ಳೆ ಔಷಧಿ, ಆದ್ರೆ ಅದು ಔಷಧಿ, ದಿನಾ ಬಳಸುವ ವಸ್ತು ಅಲ್ಲ. ಕ್ಲೀನಿಂಗ್ ಆದ ಮೇಲೆ, ಆಪರೇಷನ್ ಆಗಿ ಬ್ರಷ್ ಮಾಡ್ಲಿಕ್ಕೆ ಆಗದಾಗ ಡಾಕ್ಟ್ರು ಬರೆದುಕೊಡ್ತಾರೆ, 10 ಎಂಎಲ್, ದಿನಕ್ಕೆ ಎರಡು ಸಲ, ಸಾಮಾನ್ಯ ಎರಡು ವಾರ. ಜಾಸ್ತಿ ದಿನ ಮಾಡಿದ್ರೆ ಹಲ್ಲು ಕಂದು ಬಣ್ಣ ಆಗ್ತದೆ, ನಾಲಿಗೆಗೆ ರುಚಿ ಹೋಗ್ತದೆ. ಪೇಸ್ಟಿನ ನೊರೆಯ ಜೊತೆ ಇದು ಆಗಿಬರುದಿಲ್ಲ, ಬ್ರಷ್ ಮಾಡಿ ಅರ್ಧ ಗಂಟೆ ಬಿಟ್ಟು ಹಾಕಿ. ದಪ್ಪ ಪಾಚಿಯ ಮೇಲ್ಪದರವನ್ನಷ್ಟೇ ಮುಟ್ತದೆ, ವಸಡಿನ ಒಳಗೆ ಇಳಿಯುವುದಂತೂ ಇಲ್ಲ.

ಆಂಟಿಬಯಾಟಿಕ್ ವಿಷಯ ಗಟ್ಟಿಯಾಗಿ ಹೇಳ್ತೇನೆ. ವಸಡು ಊದಿದೆ ಅಂತ ಮೆಡಿಕಲಿನಿಂದ ಐದು ದಿನದ ಮಾತ್ರೆ ತಂದು ನುಂಗಿದ್ರೆ ಮೂರನೇ ದಿನಕ್ಕೆ ನೋವು ಕಡಿಮೆ ಆಗ್ತದೆ, ಗುಣ ಆಯ್ತು ಅಂತ ಅನ್ನಿಸ್ತದೆ. ಆದ್ರೆ ಪಾಚಿಯೊಳಗೆ ಕೂತ ಬ್ಯಾಕ್ಟೀರಿಯಾಗಳಿಗೆ ಮಾತ್ರೆ ಸರಿಯಾಗಿ ತಲುಪುದಿಲ್ಲ, ತಲುಪಿ ಸತ್ತವುಗಳ ಗೋಡೆ ಒಡೆದು ಎಲ್‌ಪಿಎಸ್ ಅಲ್ಲೇ ಬಿದ್ದಿರ್ತದೆ, ಕಲ್ಲು ಇದ್ದಲ್ಲೇ ಇರ್ತದೆ, ಕೆಲವು ವಾರದಲ್ಲಿ ಮತ್ತೆ ಶುರು. ಕೆಲವು ಜೋರಿನ ಕೇಸ್‌ಗಳಲ್ಲಿ ಡಾಕ್ಟ್ರು ಕ್ಲೀನಿಂಗ್ ಜೊತೆಗೆ ಕೊಡ್ತಾರೆ, ಜೊತೆಗೆ, ಬದಲಿಗೆ ಅಲ್ಲ.

ಕ್ಲೀನಿಂಗ್‌ಗೆ ಹೆದರುವವರಿಗೆ

ಪಾಚಿ ಗಟ್ಟಿಯಾಗಿ ಕಲ್ಲಾದ ಮೇಲೆ ಬ್ರಷ್‌ಗೆ ಹೋಗುದಿಲ್ಲ. ಕಲ್ಲು ಒರಟು, ಅದರ ಮೇಲೆ ಹೊಸ ಪಾಚಿ ಸುಲಭದಲ್ಲಿ ಕೂರ್ತದೆ. ಅದನ್ನು ತೆಗೆಯುವುದೇ ಸ್ಕೇಲಿಂಗ್. ನಮ್ಮಲ್ಲಿ ಒಂದು ಮಾತುಂಟು, ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತದೆ, ಮಧ್ಯೆ ಗ್ಯಾಪ್ ಬರ್ತದೆ ಅಂತ. ಅನುಭವಿಸಿದವರು ಸುಳ್ಳು ಹೇಳುವುದಲ್ಲ, ಅವರಿಗೆ ಹಾಗೆ ಕಂಡಿರ್ತದೆ. ನಡೆದದ್ದು ಬೇರೆ. ಎಲುಬು ಮೊದಲೇ ಕರಗಿ ಹಲ್ಲುಗಳನ್ನು ಕಲ್ಲೇ ಒಂದಕ್ಕೊಂದು ಅಂಟಿಸಿ ಹಿಡಿದಿತ್ತು, ಗ್ಯಾಪ್ ತುಂಬಿಸಿದ್ದೂ ಅದೇ. ಕಲ್ಲು ಹೋಯ್ತು, ಊತ ಇಳಿದು ವಸಡು ಕುಗ್ಗಿತು, ಮೊದಲಿದ್ದ ಗ್ಯಾಪ್ ಕಾಣಿಸಿತು. ಕೆಲವು ದಿನ ಜುಂ ಅನ್ನುವುದೂ ಬೇರು ತೆರೆದದ್ದರಿಂದ, ಹೆಚ್ಚಿನವರಿಗೆ ಕಡಿಮೆ ಆಗ್ತದೆ. ಕಲ್ಲು ಬಿಟ್ರೆ ಹಲ್ಲು ಗಟ್ಟಿ ಇರ್ತದೆ ಅಂತ ಬಿಟ್ಟವರ ಹಲ್ಲು ಕೊನೆಗೆ ಕಲ್ಲಿನ ಸಮೇತ ಬೀಳ್ತದೆ.

ಹೋದಾಗ ಡಾಕ್ಟ್ರ ಹತ್ರ ಒಂದು ಪ್ರಶ್ನೆ ಕೇಳಿ: "ಪಾಕೆಟ್ ಎಷ್ಟು ಎಂಎಂ ಉಂಟು?" ಪಾಕೆಟ್ ಅಂದ್ರೆ ಹಲ್ಲು ವಸಡಿನ ನಡುವಿನ ಅದೇ ಸಂದು, ಮಾರ್ಕ್ ಇರುವ ತೆಳು ಕಡ್ಡಿಯಲ್ಲಿ ಅದರ ಆಳ ಅಳೆದು ಹೇಳ್ತಾರೆ. 3ರೊಳಗೆ ಇದ್ರೆ ಮಾಮೂಲಿ ಕ್ಲೀನಿಂಗ್ ಮತ್ತು ಮನೆಯ ಕೆಲಸ ಸಾಕು. 4, 5 ದಾಟಿದಲ್ಲಿ ನಿಮ್ಮ ಬ್ರಷ್ ತುದಿ ತಳಕ್ಕೆ ಮುಟ್ಟುದೇ ಇಲ್ಲ, ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಸಡಿನ ಒಳಗಿನ ಬೇರು ಕ್ಲೀನ್ ಮಾಡ್ಬೇಕು. ಆಮೇಲೆ ಒಂದೂವರೆ ಎರಡು ತಿಂಗಳು ಬಿಟ್ಟು ಮತ್ತೆ ಅಳೀತಾರೆ, ಈ ಎರಡನೇ ಅಳತೆಗೆ ತಪ್ಪದೇ ಹೋಗಿ, ಆಳ ಕಡಿಮೆ ಆಗದೇ ಉಳಿದ ಜಾಗ ಗೊತ್ತಾಗುವುದು ಆಗಲೇ. ಒಮ್ಮೆ ಎಲುಬು ಹೋದವರು ಮೂರು ತಿಂಗಳಿಗೊಮ್ಮೆ ಹೋಗುವುದು ಒಳ್ಳೆದು, ಬೇರೆಯವರಿಗೆ ಆರು ತಿಂಗಳೋ ವರ್ಷವೋ ಡಾಕ್ಟ್ರೇ ಹೇಳ್ತಾರೆ.

ದುಡ್ಡಿನ ಚಿಂತೆಗೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ದಾರಿ ಉಂಟು. ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ, ಯೆನೆಪೋಯ, ಮಂಗಳೂರು ಪೇಟೆಯಲ್ಲೂ ಮಣಿಪಾಲದಲ್ಲೂ ಮಣಿಪಾಲದವರ ಡೆಂಟಲ್ ಕಾಲೇಜು, ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಡೆಂಟಲ್ ಕಾಲೇಜು ಇರುವ ಊರು ಕಡಿಮೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಹೊರಗಿನದ್ದಕ್ಕಿಂತ ಕಡಿಮೆ, ಸ್ಟೂಡೆಂಟ್ಸ್ ಮಾಡ್ತಾರೆ, ಮೇಲಿನವರು ನೋಡ್ತಾರೆ, ಸಮಯ ಮಾತ್ರ ಜಾಸ್ತಿ ಹಿಡೀತದೆ, ಬೆಳಿಗ್ಗೆ ಬೇಗ ಹೋಗಿ. ದೇರಳಕಟ್ಟೆಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದಲೇ ಬಸ್ಸುಂಟು. ಪೆರಿಯೋ ಡಿಪಾರ್ಟ್‌ಮೆಂಟ್ ಅಂತ ಕೇಳಿ, ವಸಡಿನವರು ಅವರೇ.

ಹೆಚ್ಚು ಜಾಗ್ರತೆ ಬೇಕಾದವರು

ಶುಗರ್ ಇದ್ದವರು. ಶುಗರ್ ಏರಿದ್ರೆ ಅದೇ ಎಲ್‌ಪಿಎಸ್‌ಗೆ ದೇಹ ಇನ್ನೂ ಜೋರಾಗಿ ಉರಿಯೂತ ಮಾಡ್ತದೆ, ಗಾಯ ಮಾಯುವುದು ನಿಧಾನ. ತಿರುಗಿ ನೋಡಿದ್ರೆ ವಸಡಿನ ಉರಿಯೂತವೂ ಶುಗರ್ ಹಿಡಿತಕ್ಕೆ ಬಾರದ ಹಾಗೆ ಮಾಡ್ತದೆ. ವಸಡಿಗೆ ಸರಿಯಾಗಿ ಟ್ರೀಟ್‌ಮೆಂಟ್ ಮಾಡಿಸಿದವರಲ್ಲಿ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 0.4 ಪರ್ಸೆಂಟ್ ಪಾಯಿಂಟಿನಷ್ಟು ಇಳಿದದ್ದು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿದೆ. ಇದು ಸಣ್ಣ ಲಾಭ ಅಲ್ಲ. ಮಾತ್ರೆ ನಿಲ್ಲಿಸ್ಬೇಡಿ, ಇದನ್ನೂ ಮಾಡಿಸಿ.

ಬೀಡಿ, ಸಿಗರೇಟು ಎಳೆಯುವವರು, ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವವರು. ನಿಮಗೆ ರಕ್ತ ಬಾರದೇ ಇದ್ರೆ ವಸಡು ಚೆನ್ನಾಗಿದೆ ಅಂತ ಅಲ್ಲ. ಹೊಗೆ ಎಳೆಯುವವರ ವಸಡಿನಲ್ಲಿ ರಕ್ತ ಬರುವುದೇ ಕಡಿಮೆ, ಮೇಲಿಂದ ನೋಡ್ಲಿಕ್ಕೆ ಗಟ್ಟಿ ಕಾಣ್ತದೆ, ಒಳಗೆ ಎಲುಬು ಹೋಗ್ತಾ ಇರ್ತದೆ. ಹಾಗಾಗಿ ರಕ್ತ ಬರ್ಲಿ ಆಮೇಲೆ ನೋಡುವ ಅಂತ ಕಾಯ್ಬೇಡಿ, ಒಮ್ಮೆ ಅಳತೆ ಮಾಡಿಸಿ. ನಿಮ್ಮಲ್ಲಿ ಕ್ಲೀನಿಂಗ್‌ನ ಫಲವೂ ಕಡಿಮೆ, ಹೊಗೆ, ಹೊಗೆಸೊಪ್ಪು ಬಿಟ್ರೆ ಮಾತ್ರ ವಸಡು ಮಾತು ಕೇಳ್ತದೆ.

ಬಸುರಿಯರಿಗೆ ಹಾರ್ಮೋನ್‌ನಿಂದಾಗಿ ಅಷ್ಟೇ ಪಾಚಿಗೆ ಹೆಚ್ಚು ಊತ ಬರ್ತದೆ. ಈ ಸಮಯದಲ್ಲಿ ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬಾರ್ದು ಅಂತ ಮನೆಯಲ್ಲಿ ಹಿರಿಯರು ಹೇಳಿದ್ರೆ ಮೆಲ್ಲ ವಿವರಿಸಿ, ಕ್ಲೀನಿಂಗ್ ಮಾಡಿಸ್ಬಹುದು, ನಾಲ್ಕರಿಂದ ಆರನೇ ತಿಂಗಳು ಕೂತುಕೊಳ್ಳಲಿಕ್ಕೂ ಅನುಕೂಲ. ಎಷ್ಟನೇ ತಿಂಗಳು ಅಂತ ಡಾಕ್ಟ್ರಿಗೆ ಮೊದಲೇ ಹೇಳಿ.

ಇನ್ನು ಕಾಯದೇ ಹೋಗ್ಬೇಕಾದದ್ದು: ವಸಡಿನಿಂದ ಕೀವು, ಮೊದಲು ಇಲ್ಲದ ಗ್ಯಾಪ್, ಹಲ್ಲು ಅಲ್ಲಾಡುವುದು, ಕಚ್ಚುವಾಗ ಹಲ್ಲುಗಳು ಮೊದಲಿನ ಹಾಗೆ ಕೂರದೇ ಇರುವುದು, ಉಜ್ಜಿದ್ರೂ ಹೋಗದ ಬಾಯಿ ವಾಸನೆ. ಮುಖ ಊದಿ ಜ್ವರ ಬಂದ್ರೆ, ನುಂಗ್ಲಿಕ್ಕೆ ಅಥವಾ ಬಾಯಿ ತೆರೀಲಿಕ್ಕೆ ಕಷ್ಟ ಆದ್ರೆ ಕ್ಲಿನಿಕ್ ಬಾಗಿಲು ತೆರೆಯುವವರೆಗೆ ಕಾಯ್ಬೇಡಿ, ರಾತ್ರಿಯಾದ್ರೂ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಹಾರ್ಟ್ ವಾಲ್ವ್ ಬದಲಾಯಿಸಿಕೊಂಡವರು ಕ್ಲೀನಿಂಗ್‌ಗೆ ಹೋಗುವಾಗ ಔಷಧಿ ಚೀಟಿ ಕೈಯಲ್ಲೇ ಹಿಡ್ಕೊಂಡು ಹೋಗಿ, ಕುರ್ಚಿಯಲ್ಲಿ ಕೂರುವ ಮೊದಲೇ ತೋರಿಸಿ.